ಊರಿನ ಕಸ, ಹುಳುವಿನ ವೇಗ

ಬೆಳಿಗ್ಗೆ ಏಳಕ್ಕೆ ಹೊರಟ ಆಟೋ ಟಿಪ್ಪರು ಹತ್ತೂವರೆಯ ಹೊತ್ತಿಗೆ ಗೊಬ್ಬರದ ಘಟಕದ ಬಾಗಿಲಿಗೆ ಬಂದು ನಿಲ್ಲುತ್ತದೆ. ಹಬ್ಬವಿರಲಿ, ಮಳೆಯಿರಲಿ, ಕಸ ಮಾತ್ರ ತಪ್ಪುವುದಿಲ್ಲ. ಒಳಗೆ ತೊಟ್ಟಿಯಲ್ಲಿರುವ ಎರೆಹುಳುವಿಗೆ ಆ ಗಡಿಯಾರ ಗೊತ್ತಿಲ್ಲ. ಅದು ದಿನಕ್ಕೆ ತನ್ನ ಮೈತೂಕದ ಅರ್ಧದಷ್ಟು ತಿನ್ನುತ್ತದೆ. ಅದೂ ಹಾಸು, ಅಂದರೆ ತೊಟ್ಟಿಯೊಳಗೆ ಅದು ಬದುಕುವ ಮೇವಿನ ಪದರ, ತಂಪಾಗಿದ್ದರೆ, ತೇವವಿದ್ದರೆ, ಉಸಿರಾಡಲು ಗಾಳಿಯಿದ್ದರೆ. ಪುರಸಭೆ, ಪಟ್ಟಣ ಪಂಚಾಯಿತಿಗಳು ಆಸೆಯಿಂದ ಕಟ್ಟಿಸಿದ ಎಷ್ಟೋ ಎರೆಗೊಬ್ಬರದ ತೊಟ್ಟಿಗಳಲ್ಲಿ ಇಂದು ಹುಲ್ಲು ಬೆಳೆದಿದೆ. ಊರು ಕಸ ಕಳಿಸುವ ವೇಗಕ್ಕೂ ಹುಳು ತಿನ್ನುವ ವೇಗಕ್ಕೂ ನಡುವೆ ಇರಬೇಕಾದ ಕೆಲಸವನ್ನು ಯಾರೂ ಮಾಡದೇ ಹೋದದ್ದೇ ಅದಕ್ಕೆ ಬಹುಪಾಲು ಕಾರಣ. ಆ ನಡುವಿನ ಕೆಲಸದ ಬಗ್ಗೆಯೇ ಇಲ್ಲಿ ಹೆಚ್ಚು ಹೇಳಬೇಕಿದೆ.

ಲೆಕ್ಕದಿಂದ ಶುರುಮಾಡೋಣ. ನಮ್ಮ ಸಣ್ಣ ಪಟ್ಟಣಗಳಲ್ಲಿ ಒಬ್ಬರಿಗೆ ದಿನಕ್ಕೆ ಸುಮಾರು 300ರಿಂದ 400 ಗ್ರಾಂ ಕಸ ಎಂದು ಇಟ್ಟುಕೊಳ್ಳಬಹುದು. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಹಸಿ ಕಸ. ಅಂದರೆ ಐದು ಸಾವಿರ ಚಿಲ್ಲರೆ ಜನರಿರುವ ಒಂದೆರಡು ವಾರ್ಡಿನಿಂದ ದಿನಕ್ಕೆ ಒಂದು ಟನ್ ಹಸಿ ಕಸ ಬರುತ್ತದೆ. ಈ ಒಂದು ಟನ್ನನ್ನೇ ಹಿಡಿದುಕೊಂಡು ಮುಂದೆ ಹೋಗೋಣ. ನಿಮ್ಮ ಊರು ದೊಡ್ಡದಾದರೆ ಗುಣಿಸಿಕೊಳ್ಳಿ, ಒಂದು ಬಡಾವಣೆಯಷ್ಟೇ ಆದರೆ ಭಾಗಿಸಿಕೊಳ್ಳಿ.

ಮೊದಲು ಹುಳುವಿನ ವಿಷಯ. ಹೊಲದ ಮಣ್ಣಿನಲ್ಲಿ ಕಾಣುವ ಎರೆಹುಳುವನ್ನು ಅಗೆದು ತಂದು ತೊಟ್ಟಿಗೆ ಬಿಟ್ಟರೆ ಕೆಲಸ ಆಗುವುದಿಲ್ಲ. ಅವು ಮಣ್ಣು ತಿಂದು, ಬಿಲ ಕೊರೆದು ಬದುಕುವ ಜಾತಿ. ಗೊಬ್ಬರಕ್ಕೆ ಬೇಕಾದದ್ದು ನೆಲದ ಮೇಲ್ಪದರದಲ್ಲಿ, ಕೊಳೆಯುವ ಎಲೆ ಸಗಣಿಯ ನಡುವೆ ಬದುಕುವ ಹುಳು. ನಮ್ಮಲ್ಲಿ ಮೂರು ಬಳಕೆಯಲ್ಲಿವೆ. ಯೂಡ್ರಿಲಸ್ ಯೂಜಿನಿಯೆ ಪಶ್ಚಿಮ ಆಫ್ರಿಕದಿಂದ ಬಂದದ್ದು. ಮೈ ದೊಡ್ಡದು, ಬೆಚ್ಚಗಿನ ಊರುಗಳಲ್ಲಿ ಬಲು ಬೇಗ ತಿನ್ನುತ್ತದೆ, ಆದರೆ ಚಳಿಯನ್ನೂ ಒರಟು ಕೈಯನ್ನೂ ತಾಳುವುದಿಲ್ಲ. ಐಸೀನಿಯ ಫೆಟಿಡ ಕೆಂಪಗೆ, ಚಿಕ್ಕದಾಗಿ, ಮೈಮೇಲೆ ಪಟ್ಟೆ ಇರುವ ಹುಳು. ಬಿಸಿ ತಂಪು ಎರಡನ್ನೂ ಒಂದು ಮಟ್ಟಕ್ಕೆ ಸಹಿಸಿಕೊಳ್ಳುತ್ತದೆ. ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ನಮ್ಮ ಕಡೆಯದೇ, ತೇವ ಹೆಚ್ಚಿದ್ದರೂ ಗೊಣಗುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ರಾಧಾ ಕಾಳೆ ಮತ್ತವರ ಜೊತೆಯವರು ವರ್ಷಗಟ್ಟಲೆ ಮಾಡಿದ ಕೆಲಸದಿಂದಲೇ ಎರೆಗೊಬ್ಬರ ಕರ್ನಾಟಕದ ರೈತರ ಬಾಯಲ್ಲಿ ಮನೆಮಾತಾಯಿತು. ಪುರಸಭೆಯ ಘಟಕಕ್ಕಾದರೆ ಐಸೀನಿಯವನ್ನೇ ಮುಖ್ಯವಾಗಿ ಇಟ್ಟುಕೊಳ್ಳಿ ಎಂದು ಹೇಳುತ್ತೇವೆ. ಊರಿನ ಕಸ ದಿನಕ್ಕೊಂದು ಬಗೆಯಾಗಿ ಬರುತ್ತದೆ, ಅದಕ್ಕೆ ಸಹನೆಯ ಹುಳುವೇ ಸರಿ.

ಹುಳುವಿಗೆ ಹಲ್ಲಿಲ್ಲ. ಬಾಯಿಯ ಹಿಂದೆ ಮರಳಿನ ಕಣ ಹಿಡಿದಿಟ್ಟುಕೊಂಡ ಒಂದು ಗಟ್ಟಿ ಸ್ನಾಯುಚೀಲವಿದೆ. ತಿಂದದ್ದೆಲ್ಲ ಅಲ್ಲಿ ಬೀಸುಕಲ್ಲಿಗೆ ಸಿಕ್ಕಂತೆ ನುರಿಯುತ್ತದೆ. ಹಸಿ ಸೌತೆಸಿಪ್ಪೆಯನ್ನು ಅದು ಕಚ್ಚಿ ತಿನ್ನಲಾರದು. ಬ್ಯಾಕ್ಟೀರಿಯ, ಬೂಸು ಸೇರಿ ಮೆತ್ತಗೆ ಮಾಡಿದ ಮೇಲೆ ಆ ಮೆತ್ತನೆಯ ಪದರವನ್ನೂ ಅದರ ಮೇಲಿನ ಜೀವಾಣುಗಳನ್ನೂ ಒಟ್ಟಿಗೆ ನುಂಗುತ್ತದೆ. ಉಸಿರಾಡುವುದು ಒದ್ದೆ ಚರ್ಮದಿಂದ. ಈ ಮೂರು ಮಾತು ನೆನಪಿಟ್ಟುಕೊಂಡರೆ ತೊಟ್ಟಿಯಲ್ಲಿ ಎದುರಾಗುವ ಹೆಚ್ಚಿನ ತೊಂದರೆಗಳ ಕಾರಣ ತಾನಾಗಿಯೇ ಹೊಳೆಯುತ್ತದೆ: ಕೊಳೆಯದ್ದನ್ನು ತಿನ್ನಲಾರದು, ಒಣಗಿದರೆ ಉಸಿರುಕಟ್ಟುತ್ತದೆ, ನೀರು ನಿಂತರೂ ಉಸಿರುಕಟ್ಟುತ್ತದೆ.

ಇನ್ನು ಬೇರ್ಪಡಿಸುವುದು. 2016ರ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಮನೆಯ ಅಪಾಯಕಾರಿ ಎಂದು ಮೂರು ಪಾಲು ಮಾಡಿ ಕೊಡಬೇಕು ಎಂದವು. ಅದಕ್ಕೂ ಮೊದಲೇ, 2015ರ ಡಿಸೆಂಬರಿನಲ್ಲಿ, ಕರ್ನಾಟಕ ಹೈಕೋರ್ಟು ಬೆಂಗಳೂರಿಗೆ ಎರಡು ಬುಟ್ಟಿ ಒಂದು ಚೀಲದ (ಹಸಿ ಕಸಕ್ಕೂ ಬಳಸಲಾಗದ ಕಸಕ್ಕೂ ಒಂದೊಂದು ಬುಟ್ಟಿ, ಒಣ ಕಸಕ್ಕೆ ಚೀಲ) ಪದ್ಧತಿ ವಿಧಿಸಿತ್ತು. 2012ರಲ್ಲಿ ಮಾವಳ್ಳಿಪುರದ ಕಸದ ಗುಡ್ಡ ಮುಚ್ಚಿ ನಗರದ ಬೀದಿಗಳಲ್ಲಿ ಕಸ ರಾಶಿಬಿದ್ದಾಗ, ಮುಂದೆ ನಗರದ ಕಸ ಹೊತ್ತ ಮಂಡೂರಿನವರೂ ಸಾಕು ಎಂದು ಎದ್ದು ನಿಂತಾಗ ಆದ ನೋವಿನ ಪಾಠ ಅದು. ಬೆರೆತ ಕಸ ಬಂದರೆ ಏನಾಗುತ್ತದೆ? ಬ್ಯಾಟರಿ ಸೆಲ್ಲು, ಟ್ಯೂಬ್‌ಲೈಟಿನ ಚೂರು, ಬಣ್ಣದ ಡಬ್ಬಿ, ಔಷಧಿ ಪಟ್ಟಿ ಎಲ್ಲ ಅನ್ನ ಸಿಪ್ಪೆಯ ಜೊತೆ ಕೊಳೆಯುತ್ತವೆ. ಸೀಸ, ಕ್ಯಾಡ್ಮಿಯಂ, ಪಾದರಸ ಆ ಒದ್ದೆಯೊಳಗೆ ಬಿಟ್ಟುಕೊಳ್ಳುತ್ತವೆ. ಕಸ ಕೊಳೆತು ಕುಗ್ಗಿದಷ್ಟೂ ಲೋಹದ ಸಾಂದ್ರತೆ ಏರುತ್ತದೆ, ಏಕೆಂದರೆ ಇಂಗಾಲ ಗಾಳಿಗೆ ಹೋಗುತ್ತದೆ, ಲೋಹ ಎಲ್ಲಿಗೂ ಹೋಗುವುದಿಲ್ಲ. ಯಾವ ಜರಡಿಯೂ ಅದನ್ನು ಹಿಡಿಯಲಾರದು. ಹಾಗಾಗಿ ಬೆರೆತ ಕಸದಿಂದ ಎರೆಗೊಬ್ಬರ ಮಾಡಬೇಡಿ ಎನ್ನುವುದರಲ್ಲಿ ನಮಗೆ ರಾಜಿಯಿಲ್ಲ. ನೂರರಲ್ಲಿ ಐದು ಪಾಲು ತಪ್ಪು ವಸ್ತು ಬಂದರೆ ಒಂದು ಟನ್ನಿನಲ್ಲಿ 50 ಕೆಜಿ ಕೈಯಲ್ಲೇ ಆರಿಸಿ ತೆಗೆಯಬೇಕು. ಇಬ್ಬರಿಗೆ ಅರ್ಧ ದಿನದ ಕೆಲಸ. ಹತ್ತು ದಾಟಿದರೆ ಆ ಗಾಡಿಯನ್ನು ಇಳಿಸಿಕೊಳ್ಳದೆ ಯಾವ ಬೀದಿಯಿಂದ ಬಂತೋ ಆ ಬೀದಿಯ ಮನೆಗಳಿಗೆ ಮಾರನೆಯ ದಿನವೇ ಹೇಳಿಬರುವುದು ಒಳ್ಳೆಯದು. ಗಾಡಿವಾರು ದಾಖಲೆ ಇಟ್ಟರೆ ಮಾತ್ರ ಇದು ಸಾಧ್ಯ.

ಹಸಿ ಕಸವೇ ಆದರೂ ಎಲ್ಲವೂ ತೊಟ್ಟಿಯ ಪಾಲಲ್ಲ. ಎಳನೀರು ಬುರುಡೆ, ಮಾವಿನ ಓಟೆ, ಮೂಳೆ ವರ್ಷವಾದರೂ ಕರಗುವುದಿಲ್ಲ. ಎಳನೀರು ಬುರುಡೆಗೆ ಬೇರೆ ಕೊಚ್ಚುವ ಯಂತ್ರವೇ ಬೇಕು. ನಿಂಬೆ ಹಿಂಡಿದ ಸಿಪ್ಪೆ, ಈರುಳ್ಳಿ, ಹಸಿಮೆಣಸಿನಕಾಯಿ ಕಡಿಮೆ ಇದ್ದರೆ ರಾಶಿಯಲ್ಲಿ ಸೇರಿಹೋಗುತ್ತವೆ, ಆದರೆ ಮಂಡಿಯಿಂದ ಒಂದು ಗಾಡಿ ಕೊಳೆತ ಈರುಳ್ಳಿ ಬಂದರೆ ಅದನ್ನು ನಾಲ್ಕೈದು ದಿನದ ರಾಶಿಗಳಿಗೆ ಹಂಚಬೇಕು. ಕಲ್ಯಾಣ ಮಂಟಪದ ಕಸ ಬೇರೆಯೇ ಒಂದು ಅಧ್ಯಾಯ: ಅನ್ನ, ಸಾಂಬಾರು, ಪಾಯಸ, ಎಣ್ಣೆಯಲ್ಲಿ ಕರಿದದ್ದು, ಉಪ್ಪಿನಕಾಯಿ. ಉಪ್ಪು ಹುಳುವಿನ ಚರ್ಮದಿಂದ ನೀರನ್ನೇ ಎಳೆದುಬಿಡುತ್ತದೆ. ಹಾಸಿನಲ್ಲಿ ತೂಕದ ಅರ್ಧ ಶೇಕಡಾ ಉಪ್ಪು ದಾಟಿದರೆ ಅವು ಉಳಿಯುವುದಿಲ್ಲ. ಎಣ್ಣೆ ಕಣಗಳನ್ನು ಮೆತ್ತಿಕೊಂಡು ಗಾಳಿಯ ದಾರಿ ಕಟ್ಟುತ್ತದೆ. ಸಾಧ್ಯವಿದ್ದರೆ ಹೋಟೆಲು, ಮಂಟಪದ ಕಸವನ್ನು ಜೈವಿಕ ಅನಿಲ ಘಟಕಕ್ಕೆ ಕಳಿಸಿ. ಇಲ್ಲವೆಂದರೆ ದಿನದ ಒಟ್ಟು ಕಸದಲ್ಲಿ ಅದು ಹತ್ತನೇ ಒಂದು ಪಾಲು ಮೀರದಂತೆ ನೋಡಿಕೊಳ್ಳಿ. ಆಯುಧಪೂಜೆ, ಗೌರಿ ಗಣೇಶನ ಮಾರನೆಯ ದಿನ ಬಾಳೆಕಂದು, ಬೂದುಗುಂಬಳ, ಚೆಂಡುಹೂವು ಎರಡು ಮೂರು ಪಟ್ಟು ಬರುತ್ತದೆ. ಅಂಥ ದಿನಕ್ಕಾಗಿಯೇ ಅಂಗಳದಲ್ಲಿ ಒಂದಿಷ್ಟು ಜಾಗ ಖಾಲಿ ಇರಬೇಕು. ಬಾಳೆಕಂದನ್ನು ಕೊಚ್ಚಿ ಒಂದು ದಿನ ಹರಡಿಬಿಟ್ಟರೆ ನೀರು ಬಸಿದು ತೂಕ ಇಳಿಯುತ್ತದೆ.

ಈಗ ಬೆರಕೆ. ನೂರು ಕೆಜಿ ತರಕಾರಿ ಕಸದಲ್ಲಿ ಎಂಬತ್ತು ಕೆಜಿ ನೀರೇ. ಉಳಿದ 20 ಕೆಜಿ ಒಣ ಪದಾರ್ಥದಲ್ಲಿ ಸುಮಾರು 9 ಕೆಜಿ ಇಂಗಾಲ, ಅರ್ಧ ಕೆಜಿ ಸಾರಜನಕ ಇರುತ್ತದೆ ಎನ್ನೋಣ. ಅನುಪಾತ 18ಕ್ಕೆ 1. ಇಷ್ಟು ಸಾರಜನಕ, ಇಷ್ಟು ನೀರು ಇರುವ ರಾಶಿ ಎರಡೇ ದಿನದಲ್ಲಿ ಹುಳಿನಾತ, ಅಮೋನಿಯ ನಾತ ಎರಡನ್ನೂ ಹೊಡೆಯುತ್ತದೆ. ಅದಕ್ಕೆ 15ರಿಂದ 20 ಕೆಜಿ ಒಣ ತರಗೆಲೆ ಸೇರಿಸಿದರೆ ಅನುಪಾತ 25ರ ಆಸುಪಾಸಿಗೆ ಬರುತ್ತದೆ, ತೇವ ಶೇ. 70ರ ಹತ್ತಿರಕ್ಕೆ ಇಳಿಯುತ್ತದೆ, ರಾಶಿಯೊಳಗೆ ಗಾಳಿಗೆ ಸಂದು ಸಿಗುತ್ತದೆ. ಅಂದರೆ ಒಂದು ಟನ್ ಹಸಿ ಕಸಕ್ಕೆ ದಿನಕ್ಕೆ ಕನಿಷ್ಠ 150 ಕೆಜಿ ಒಣ ಎಲೆ. ವರ್ಷಕ್ಕೆ 55 ಟನ್! ಯೋಜನಾ ವರದಿಗಳಲ್ಲಿ ಹುಳುವಿನ ಬೆಲೆ ಇರುತ್ತದೆ, ತೊಟ್ಟಿಯ ಇಟ್ಟಿಗೆಯ ಲೆಕ್ಕ ಇರುತ್ತದೆ, ಈ ಎಲೆಯ ಲೆಕ್ಕ ಮಾತ್ರ ಕಾಣುವುದಿಲ್ಲ. ಡಿಸೆಂಬರಿನಿಂದ ಮಾರ್ಚಿನವರೆಗೆ ಊರ ಮರಗಳೆಲ್ಲ ಎಲೆ ಉದುರಿಸುವಾಗ ಗುಡಿಸಿ ಬೀದಿಮೂಲೆಯಲ್ಲಿ ಬೆಂಕಿ ಹಚ್ಚುವುದನ್ನು ನಿಲ್ಲಿಸಿ, ಗೋಣಿಚೀಲದಲ್ಲಿ ತುಂಬಿ ಸೂರಿನಡಿ ಒಟ್ಟಿಕೊಂಡರೆ ಮಳೆಗಾಲಕ್ಕೆ ಆಗುತ್ತದೆ. ಮಳೆಗಾಲದಲ್ಲೇ ಅದು ಹೆಚ್ಚು ಬೇಕು, ಆಗಲೇ ಅದು ಸಿಗುವುದಿಲ್ಲ. ಸಾಲದ್ದಕ್ಕೆ ತೆಂಗಿನ ನಾರಿನ ಪುಡಿ, ಅಡಿಕೆ ಸಿಪ್ಪೆ, ಕಬ್ಬಿನ ಹಾಲಿನಂಗಡಿಯ ಒಣಗಿದ ಸಿಪ್ಪೆ, ಮರದ ಹೊಟ್ಟು ಬಳಸಬಹುದು. ಬಣ್ಣ ಹೊಡೆದ, ಔಷಧಿ ಬಳಿದ ಮರದ ಹೊಟ್ಟು ಬೇಡ.

ಸಗಣಿ ಬಗ್ಗಡ ಸುರಿಯಿರಿ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಹೊಲದ ಒಣ ಹುಲ್ಲು ಸೋಗೆಗೆ ಆ ಮಾತು ಸರಿ. ಊರಿನ ಹಸಿ ಕಸ ಮೊದಲೇ ಒದ್ದೆ. ಅದಕ್ಕೆ ಬಗ್ಗಡ ಹಾಕಿದರೆ ಅಡಿಯಿಂದ ಕಪ್ಪು ನೀರು ಹರಿಯುತ್ತದೆ ಅಷ್ಟೆ. ಬದಲಿಗೆ ಹಿಂದಿನ ರಾಶಿಯ ಅರೆಕೊಳೆತ ಗೊಬ್ಬರವನ್ನೇ ಟನ್ನಿಗೆ 50 ಕೆಜಿಯಂತೆ ಮೊಸರಿಗೆ ಹೆಪ್ಪು ಹಾಕಿದ ಹಾಗೆ ಬೆರೆಸಿ. ಅದರಲ್ಲಿ ಬೇಕಾದ ಜೀವಾಣುಗಳೆಲ್ಲ ಇವೆ. ಹೊರಗಿನಿಂದ ಪುಡಿ, ದ್ರಾವಣ ಕೊಳ್ಳುವ ಅಗತ್ಯ ಬೀಳುವುದು ಕಡಿಮೆ.

ಕಸವನ್ನು ಎರಡು ಮೂರು ಅಂಗುಲಕ್ಕೆ ಕೊಚ್ಚಿ, ಇನ್ನೂ ಸಣ್ಣಗೆ ಬೇಡ, ರುಬ್ಬಿದಂತಾದರೆ ಗಾಳಿ ಆಡುವುದಿಲ್ಲ. ತಳಕ್ಕೆ ಅರ್ಧ ಅಡಿ ತರಗೆಲೆ ಹಾಸಿ, ಎರಡು ಮೀಟರು ಅಗಲ, ಒಂದೂಕಾಲರಿಂದ ಒಂದೂವರೆ ಮೀಟರು ಎತ್ತರದ ರಾಶಿ ಹಾಕಿ, ಮೇಲೊಂದು ಪದರ ಎಲೆ ಮುಚ್ಚಿ. ಒಂದು ಘನ ಮೀಟರಿಗಿಂತ ಸಣ್ಣ ರಾಶಿ ಬಿಸಿ ಹಿಡಿಯದು. ಸರಿಯಾಗಿ ಬೆರೆತಿದ್ದರೆ ಎರಡನೇ ಮೂರನೇ ದಿನಕ್ಕೆ ಒಳಗಿನ ಬಿಸಿ 55ರಿಂದ 65 ಡಿಗ್ರಿಗೆ ಏರುತ್ತದೆ. ಈ ಬಿಸಿಯೇ ಊರಿನ ಕಸದ ಎರೆಗೊಬ್ಬರದ ಜೀವಾಳ. ಹುಳುವಿನ ತೊಟ್ಟಿ ಎಂದಿಗೂ ಬಿಸಿಯಾಗದು, ಆಗಲೂಬಾರದು. ಆದ್ದರಿಂದ ರೋಗಾಣು, ಕಳೆಬೀಜ, ನೊಣದ ಮೊಟ್ಟೆ ಸಾಯಬೇಕಾದರೆ ಇಲ್ಲೇ ಸಾಯಬೇಕು. ರಾಶಿಯ ಪ್ರತಿ ಭಾಗವೂ ಕನಿಷ್ಠ ಮೂರು ದಿನ 55 ಡಿಗ್ರಿ ಕಾಣಬೇಕು. ಹೊರಮೈ ಯಾವಾಗಲೂ ತಂಪಾಗಿರುವುದರಿಂದ ತಿರುವಿಹಾಕದೆ ಗತ್ಯಂತರವಿಲ್ಲ. ಮೂರನೇ ದಿನ, ಏಳನೇ ದಿನ, ಹನ್ನೊಂದನೇ ದಿನ, ಹದಿನೈದನೇ ದಿನ ಹೊರಗಿನದು ಒಳಗೆ, ಒಳಗಿನದು ಹೊರಗೆ ಬರುವ ಹಾಗೆ. ಉದ್ದ ಕಡ್ಡಿಯ ಉಷ್ಣಮಾಪಕ ಸಿಗದಿದ್ದರೆ ಒಂದು ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆದು ಹಿಡಿಯಿರಿ. ಕೈಯಲ್ಲಿ ಹಿಡಿದಿರಲು ಆಗಬಾರದು, ಅಷ್ಟು ಬಿಸಿ. ತೊಟ್ಟಿಯಲ್ಲಿ ಆಮೇಲೆ ಟೊಮೆಟೊ ಸಸಿ ಗುಂಪುಗುಂಪಾಗಿ ಎದ್ದರೆ ಫಲವತ್ತತೆ ಎಂದು ಸಂತೋಷಪಡಬೇಡಿ, ರಾಶಿ ಬೇಯಲಿಲ್ಲ ಎಂದೇ ಅದರ ಅರ್ಥ.

ಇಪ್ಪತ್ತು ದಿನಕ್ಕೆ ರಾಶಿ ಅರ್ಧಕ್ಕೆ ಕುಗ್ಗಿ, ಬಿಸಿ ಇಳಿದು, ಕಂದುಬಣ್ಣಕ್ಕೆ ತಿರುಗಿ, ಮಳೆ ಬಿದ್ದ ಕಾಡಿನ ವಾಸನೆಗೆ ಹತ್ತಿರ ಬಂದಿರುತ್ತದೆ. 1150 ಕೆಜಿ ಬೆರಕೆಯಲ್ಲಿ ಸುಮಾರು 600 ಕೆಜಿ ಉಳಿದಿರುತ್ತದೆ. ಇದನ್ನು ನೇರ ತೊಟ್ಟಿಗೆ ತುಂಬುವ ಮೊದಲು ಒಂದು ಪರೀಕ್ಷೆ ಉಂಟು. ಹಳೆಯ ಡಬ್ಬಿಯಲ್ಲಿ ಎರಡು ಹಿಡಿ ಈ ಅರೆಕೊಳೆತದ್ದನ್ನು ಹಾಕಿ ಇಪ್ಪತ್ತೈದು ಹುಳು ಎಣಿಸಿ ಬಿಡಿ. ಮಾರನೆಯ ದಿನ ಅವು ಒಳಗೆ ಸೇರಿ ಚುರುಕಾಗಿದ್ದರೆ ತುಂಬಬಹುದು. ಮುಚ್ಚಳಕ್ಕೆ ಅಂಟಿಕೊಂಡು ಓಡಲು ನೋಡುತ್ತಿದ್ದರೆ ಇನ್ನೊಂದು ವಾರ ರಾಶಿಯಲ್ಲೇ ಇರಲಿ. ಪ್ರಯೋಗಾಲಯ ಹೇಳುವ ಮೊದಲೇ ಹುಳು ಹೇಳುತ್ತದೆ.

ತೊಟ್ಟಿ ಮೂರು ಮೀಟರು ಉದ್ದ, 1.2 ಮೀಟರು ಅಗಲ, 60 ಸೆಂಟಿಮೀಟರು ಆಳ. ಎರಡೂ ಕಡೆಯಿಂದ ಕೈ ನಡುವಿಗೆ ಎಟಕಬೇಕು, ಒಳಗೆ ಕಾಲಿಡುವ ಪ್ರಸಂಗ ಬರಬಾರದು, ಅದಕ್ಕೇ ಈ ಅಗಲ. ಕಟ್ಟಲು ಹಣವಿಲ್ಲದಿದ್ದರೆ 12 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಎತ್ತರದ ದಪ್ಪ ಪ್ಲಾಸ್ಟಿಕ್ ಹಾಸುಚೀಲಗಳು ಸಿಗುತ್ತವೆ. ನೆಲ ಒಂದು ಬದಿಗೆ ತುಸು ಇಳಿಜಾರಾಗಿ, ಕೊನೆಯಲ್ಲಿ ಬಸಿಯುವ ತೂತು ಇರಲಿ. ಅಡಿಗೆ ನಾಲ್ಕು ಅಂಗುಲ ಇಟ್ಟಿಗೆ ಚೂರು, ಅದರ ಮೇಲೆ ಎರಡು ಅಂಗುಲ ಮರಳು, ಮೇಲೆ ತೆಂಗಿನ ನಾರು. ಗೋಡೆಯ ಸುತ್ತ ನಾಲ್ಕು ಅಂಗುಲದ ನೀರಿನ ಕಾಲುವೆ ಇರಬೇಕು, ಇರುವೆಗೆ ಅದೇ ಬೇಲಿ. ಮೇಲೆ ಚಾವಣಿ ಬೇಕೇಬೇಕು. ತಗಡಾದರೆ ಬೇಸಿಗೆಯಲ್ಲಿ ಮೇಲೆ ಸೋಗೆ ಹೊದಿಸಿ.

ಅರೆಕೊಳೆತದ್ದನ್ನು 45ರಿಂದ 50 ಸೆಂಟಿಮೀಟರಿನಷ್ಟು ತುಂಬಿದರೆ ಒಂದು ಟನ್ ಹಿಡಿಯುತ್ತದೆ. ಒಂದೇ ಸಲ ಸುರಿಯದೆ, ವಾರಕ್ಕೆ ಒಂದು ಗೇಣಿನಂತೆ ಎರಡು ಮೂರು ಕಂತಿನಲ್ಲಿ ತುಂಬುವುದು ಉತ್ತಮ. ದಪ್ಪಗೆ ತುಂಬಿದರೆ ನಡುವೆ ಮತ್ತೆ ಬಿಸಿ ಹುಟ್ಟುತ್ತದೆ. ಹುಳು 10 ಕೆಜಿ. ಬೆಳೆದ ಐಸೀನಿಯ ಕೆಜಿಗೆ ಸಾವಿರದಷ್ಟು ಬರುತ್ತದೆ, ಹಾಗಾಗಿ ಹತ್ತು ಸಾವಿರ ಹುಳು. ಎರಡು ತಿಂಗಳಲ್ಲಿ ಅದು ಇಮ್ಮಡಿಯಾದರೆ ಸರಾಸರಿ 15 ಕೆಜಿ, ದಿನಕ್ಕೆ ತಿನ್ನುವುದು ಏಳೂವರೆ ಕೆಜಿ, ಅರವತ್ತು ದಿನಕ್ಕೆ 450 ಕೆಜಿ. ಉಳಿದ ತೂಕ ಆವಿಯಾಗಿ, ಜೀವಾಣುಗಳ ಉಸಿರಾಗಿ ಹೋಗುತ್ತದೆ. ಲೆಕ್ಕ ಕೂಡಿಬರುತ್ತದೆ. ಹಲವೆಡೆ ಟನ್ನಿಗೆ ಒಂದೆರಡು ಕೆಜಿ ಹುಳು ಬಿಟ್ಟು ನಲವತ್ತೈದು ದಿನಕ್ಕೆ ಎರೆಗೊಬ್ಬರ ಎಂದು ಜರಡಿ ಹಿಡಿಯುತ್ತಾರೆ. ಅದು ಬರೀ ಕಾಂಪೋಸ್ಟು. ಕಾಂಪೋಸ್ಟೂ ಒಳ್ಳೆಯದೇ, ಹೆಸರು ಮಾತ್ರ ಸರಿಯಾಗಿ ಹೇಳಬೇಕು.

ಮೇಲೆ ಒದ್ದೆ ಗೋಣಿಚೀಲ ಮುಚ್ಚಿ. ಹುಳುವಿಗೆ ಬೆಳಕು ಆಗದು. ಒಂದು ಹಿಡಿ ತೆಗೆದು ಬಲವಾಗಿ ಹಿಂಡಿದರೆ ಬೆರಳ ಸಂದಿನಲ್ಲಿ ಒಂದೆರಡು ಹನಿ ಕಾಣಬೇಕು. ಧಾರೆ ಇಳಿದರೆ ಹೆಚ್ಚು, ಅಂಗೈ ಒದ್ದೆಯಾಗದಿದ್ದರೆ ಕಡಿಮೆ. ಬೇಸಿಗೆಯಲ್ಲಿ ದಿನಕ್ಕೆ ಒಂದೆರಡು ಸಲ ಸಿಂಪಡಿಸಬೇಕಾದೀತು, ಮಳೆಗಾಲದಲ್ಲಿ ವಾರಗಟ್ಟಲೆ ಬೇಡವಾದೀತು. ಪೈಪು ಹಿಡಿದು ಸುರಿಯಬೇಡಿ. ಹಾಸಿನ ಬಿಸಿ 20ರಿಂದ 28 ಡಿಗ್ರಿಯೊಳಗಿದ್ದರೆ ಐಸೀನಿಯ ಖುಷಿಯಾಗಿರುತ್ತದೆ, 35 ದಾಟಿದರೆ ಸಾಯಲು ಶುರುವಾಗುತ್ತದೆ.

ತೊಟ್ಟಿಯ ಹತ್ತಿರ ದಿನಾ ಎರಡು ನಿಮಿಷ ಸುಮ್ಮನೆ ನಿಲ್ಲುವವರಿಗೆ ತೊಂದರೆ ಮೊದಲು ಮೂಗಿಗೆ, ಆಮೇಲೆ ಕಣ್ಣಿಗೆ ತಿಳಿಯುತ್ತದೆ. ಕಣ್ಣು ಉರಿಯುವಂಥ ಘಾಟು ಬಂದರೆ ಅಮೋನಿಯ. ಅನ್ನ, ಬೇಳೆ, ಮಾಂಸದಂಗಡಿಯ ಕಸ ಹೆಚ್ಚಾಗಿದೆ. ಒಣ ಎಲೆ, ನಾರಿನ ಪುಡಿ ಬೆರೆಸಿ ಮೇಲ್ಪದರ ಸಡಿಲಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಡಿಯಲ್ಲಿ ನೀರು ನಿಂತಿದೆ, ಬಸಿಯುವ ತೂತು ಕಟ್ಟಿದೆ. ಹುಳುಗಳೆಲ್ಲ ಮೂಲೆಗೆ, ಗೋಡೆಗೆ ಏರಿ ಉಂಡೆಯಾಗಿದ್ದರೆ ನಡುವೆ ಬಿಸಿ ಎದ್ದಿದೆ ಎಂದೇ ತಿಳಿಯಿರಿ. ತಡಮಾಡದೆ ನಡುವಿನದನ್ನು ಕೆದಕಿ ಹರಡಿ. ಕೆಲವೊಮ್ಮೆ ಹುಳುವಿನ ಮೈ ಅಲ್ಲಲ್ಲಿ ಉಬ್ಬಿ, ನಡುನಡುವೆ ಬಿಗಿದು, ಮಣಿಸರದಂತೆ ಕಾಣುತ್ತದೆ. ಪ್ರೋಟೀನು ಹೆಚ್ಚಾದ ಹುಳಿ ಮೇವನ್ನು ತಿಂದು ಹೊಟ್ಟೆಯಲ್ಲೇ ಅದು ಹುದುಗೆದ್ದಾಗ ಹೀಗಾಗುತ್ತದೆ. ಆ ಹುಳು ಉಳಿಯುವುದು ಕಷ್ಟ. ಉಳಿದವನ್ನು ಬೇರೆ ತೊಟ್ಟಿಗೆ ಸಾಗಿಸಿ, ಈ ಹಾಸಿಗೆ ಮೊಟ್ಟೆಚಿಪ್ಪಿನ ಪುಡಿ ಬೆರೆಸಿ ಒಂದು ವಾರ ಗಾಳಿಯಾಡಿಸಬೇಕು.

ಇರುವೆ ಬಂದರೆ ಹಾಸು ಒಣಗಿದೆ ಎಂದರ್ಥ. ತೇವ ಸರಿಮಾಡಿ, ಸುತ್ತಲ ಕಾಲುವೆಗೆ ನೀರು ತುಂಬಿ. ಇರುವೆಪುಡಿ ಮಾತ್ರ ಬೇಡ, ಇರುವೆಗಿಂತ ಮೊದಲು ಹುಳು ಹೋಗುತ್ತದೆ. ಇದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿದೆ. ಬೀದಿಯ ಕಸದ ಮೇಲೆ, ಗಾಡಿಯೊಳಗೆ ಬ್ಲೀಚಿಂಗ್ ಪುಡಿ, ನೊಣದ ಔಷಧಿ ಎರಚುವ ರೂಢಿ ಹಲವು ಊರುಗಳಲ್ಲಿದೆ. ಆ ಕಸ ರಾಶಿಯಲ್ಲಿ ಬಿಸಿಯೇ ಏರುವುದಿಲ್ಲ, ಏಕೆಂದರೆ ಬಿಸಿ ಹುಟ್ಟಿಸುವ ಜೀವಾಣುಗಳೇ ಸತ್ತಿರುತ್ತವೆ. ಆರೋಗ್ಯ ವಿಭಾಗದವರೂ ಗೊಬ್ಬರ ಘಟಕದವರೂ ಒಮ್ಮೆ ಕೂತು ಮಾತಾಡಿ ಇದನ್ನು ನಿಲ್ಲಿಸಬೇಕು. ಹೆಗ್ಗಣ, ಮುಂಗುಸಿ, ಕೋಳಿ, ಕೆಂಬೂತಕ್ಕೆ ಬಲೆ ಸಾಕು. ಕಪ್ಪು ಸೋಲ್ಜರ್ ನೊಣದ ದಪ್ಪ ಮರಿಗಳು ಕಂಡರೆ ಹೆದರಬೇಕಿಲ್ಲ. ಅವು ಹುಳುವನ್ನು ತಿನ್ನವು, ಮೇವು ಇನ್ನೂ ಹಸಿಯಾಗಿದೆ ಎಂದಷ್ಟೇ ಹೇಳುತ್ತವೆ.

ದಿನಕ್ಕೆ 600 ಕೆಜಿ ಅರೆಕೊಳೆತದ್ದು ಬಂದರೆ ಸರಿಸುಮಾರು ಎರಡು ದಿನಕ್ಕೊಂದು ತೊಟ್ಟಿ ತುಂಬುತ್ತದೆ. ಒಂದು ತೊಟ್ಟಿಗೆ ಅರವತ್ತು ದಿನ ಮತ್ತು ತೆಗೆದು ತುಂಬಲು ಹತ್ತು ದಿನ. ಎಪ್ಪತ್ತು ದಿನಕ್ಕೆ 35 ತೊಟ್ಟಿ ಕನಿಷ್ಠ, ಹಬ್ಬದ ದಿನಗಳನ್ನೂ ಸೇರಿಸಿದರೆ ನಲವತ್ತು. ಓಡಾಡುವ ದಾರಿ, ರಾಶಿ ತಿರುವುವ ಜಾಗ, ಎಲೆಯ ಕೊಟ್ಟಿಗೆ ಎಲ್ಲ ಸೇರಿ ಐದಾರು ಗುಂಟೆ. ನಾಲ್ಕು ಜನರಿಗೆ ದಿನವಿಡೀ ಕೆಲಸ. ಹುಳು ಒಟ್ಟು 350 ಕೆಜಿ ಬೇಕು. ಅಷ್ಟನ್ನೂ ಒಟ್ಟಿಗೆ ಕೊಂಡು ತಂದು, ಉದ್ಘಾಟನೆಯ ದಿನವೇ ಎಲ್ಲ ತೊಟ್ಟಿಗೂ ಬಿಟ್ಟರೆ, ಒಂದು ತಪ್ಪಿಗೆ ಎಲ್ಲವೂ ಹೋಗುತ್ತದೆ. ಮೂರು ತೊಟ್ಟಿ, 30 ಕೆಜಿ ಹುಳುವಿನಿಂದ ಶುರುಮಾಡಿ. ಎರಡು ತಿಂಗಳಿಗೊಮ್ಮೆ ಇಮ್ಮಡಿಯಾಗುತ್ತಾ ಹೋದರೆ 60, 120, 240, 480. ಎಂಟು ತಿಂಗಳು ಬೇಕು. ಅಲ್ಲಿಯವರೆಗೆ ಉಳಿದ ಕಸವನ್ನು ರಾಶಿಯಲ್ಲೇ ಪೂರ್ತಿ ಮಾಗಿಸಿ ಕಾಂಪೋಸ್ಟು ಮಾಡಬಹುದು, ಏನೂ ನಷ್ಟವಿಲ್ಲ. ಕೆಲಸಗಾರರ ಕೈ ಪಳಗುವುದಕ್ಕೂ ಅಷ್ಟು ಕಾಲ ಬೇಕು. ಅವರಿಗೆ ಮೊಣಕೈವರೆಗಿನ ಗ್ಲೌಸು, ಬೂಟು, ಧನುರ್ವಾಯು ಚುಚ್ಚುಮದ್ದು, ಕೈಕಾಲು ತೊಳೆಯಲು ಸೋಪು ನೀರು, ಬಟ್ಟೆ ಬದಲಿಸಲು ಒಂದು ಕೋಣೆ ಯೋಜನೆಯ ಮೊದಲ ಸಾಲಿನಲ್ಲೇ ಇರಬೇಕು. ಹಸಿ ಕಸದೊಳಗೆ ಬ್ಲೇಡು, ಸಿರಿಂಜು, ಗಾಜು ಬರುವುದು ಇನ್ನೂ ನಿಂತಿಲ್ಲ, ಮೊದಲು ಸಿಗುವುದು ಅವರ ಬೆರಳಿಗೆ.

ಕೊನೆಗೆ ಕೈಗೆಷ್ಟು? ಒಂದು ಟನ್ ಹಸಿ ಕಸದಿಂದ ಜರಡಿಯಾದ ಮೇಲೆ 180ರಿಂದ 200 ಕೆಜಿ. ಅರ್ಧ ಟನ್ ಬರುತ್ತದೆ ಎನ್ನುವವರು ಸಗಣಿ ಸೋಗೆಯ ಲೆಕ್ಕವನ್ನು ಊರ ಕಸಕ್ಕೆ ಹಚ್ಚುತ್ತಿದ್ದಾರೆ. ವರ್ಷಕ್ಕೆ 70 ಟನ್ನಿನ ಹತ್ತಿರ; ಎಕರೆಗೆ ಎರಡು ಟನ್ನಿನಂತೆ 35 ಎಕರೆಗೆ ಆಗುತ್ತದೆ. ಮಾರುವುದಾದರೆ ರಸಗೊಬ್ಬರ ನಿಯಂತ್ರಣ ಆದೇಶದ ಅಳತೆಗೆ ನಿಲ್ಲಬೇಕು: ತೇವ ಶೇ. 15ರಿಂದ 25, ಸಾವಯವ ಇಂಗಾಲ ಕನಿಷ್ಠ ಶೇ. 18, ಸಾರಜನಕ ಕನಿಷ್ಠ ಶೇ. 1, ರಂಜಕ ಮತ್ತು ಪೊಟ್ಯಾಷ್ ತಲಾ ಕನಿಷ್ಠ ಶೇ. 0.8, ನೂರರಲ್ಲಿ ತೊಂಬತ್ತು ಪಾಲು 4 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕು. ಕೆಜಿಗೆ ಕ್ಯಾಡ್ಮಿಯಂ 5, ಕ್ರೋಮಿಯಂ 50, ನಿಕ್ಕಲ್ 50, ಸೀಸ 100 ಮಿಲಿಗ್ರಾಂ ಮೀರುವಂತಿಲ್ಲ. ಊರಿನ ಕಸದ ಗೊಬ್ಬರವನ್ನು ರೈತರು ಅನುಮಾನದಿಂದ ನೋಡುವುದು ಸಹಜ. 1975ರಲ್ಲಿ ಹುಟ್ಟಿದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮದ ಕಾಲದಿಂದಲೂ ಗಾಜು, ಪ್ಲಾಸ್ಟಿಕ್ಕಿನ ಭಯ ಅವರಿಗಿದೆ. ಪ್ರತಿ ತಿಂಗಳ ಪರೀಕ್ಷಾ ವರದಿಯನ್ನು ಬಾಗಿಲಲ್ಲೇ ಅಂಟಿಸಿದರೆ ಆ ಭಯ ನಿಧಾನವಾಗಿ ಕರಗುತ್ತದೆ.

ರೈತರಿಗೆ ಇನ್ನೊಂದನ್ನೂ ನೇರವಾಗಿ ಹೇಳಬೇಕು. 45 ಕೆಜಿಯ ಒಂದು ಚೀಲ ಯೂರಿಯಾದಲ್ಲಿ 20.7 ಕೆಜಿ ಸಾರಜನಕವಿದೆ. ಅಷ್ಟೇ ಸಾರಜನಕ ಒಂದೂವರೆಯಿಂದ ಎರಡು ಟನ್ ಎರೆಗೊಬ್ಬರದಲ್ಲಿದೆ, ಅದೂ ಮೊದಲ ಬೆಳೆಗೆ ಎಲ್ಲ ಸಿಗುವುದಿಲ್ಲ. ಚೀಲಕ್ಕೆ ಚೀಲ ಎಂಬ ಹೋಲಿಕೆ ಮಾಡಿ ಮಾರಿದರೆ ಎರಡನೇ ವರ್ಷ ಯಾರೂ ಬರುವುದಿಲ್ಲ. ಮಣ್ಣಿನ ಹರಳುಗಟ್ಟುವ ಗುಣ, ನೀರು ಹಿಡಿದಿಡುವ ಶಕ್ತಿ, ಸತು ಬೋರಾನಿನಂಥ ಸೂಕ್ಷ್ಮ ಪೋಷಕಗಳು, ರಂಜಕವನ್ನು ಬೇರಿಗೆ ದಕ್ಕಿಸುವ ಜೀವಾಣುಗಳು ಸಿಗುವುದು ಮಾತ್ರ ಇದರಲ್ಲೇ. ಮೇಲುಗೊಬ್ಬರವಾಗಿ ಬಿಸಿಲಿಗೆ ಚೆಲ್ಲದೆ ಬೇರಿನ ಪಕ್ಕ ಮಣ್ಣಿನಲ್ಲಿ ಸೇರಿಸಬೇಕು. ತೊಟ್ಟಿಯಡಿ ಹರಿಯುವ ಕಪ್ಪು ನಾರುವ ನೀರನ್ನು ಎರೆಜಲ ಎಂದು ಬಾಟಲಿಗೆ ತುಂಬುವುದನ್ನೂ ದಯವಿಟ್ಟು ಬಿಡಿ. ಅದನ್ನು ಹೊಸ ರಾಶಿ ಒಣಗಿದಾಗ ಅದರ ಮೇಲೆಯೇ ಚಿಮುಕಿಸಬಹುದು.

ಮೇಲ್ಪದರವೆಲ್ಲ ಚಹಾಪುಡಿಯಂಥ ಕಾಳುಕಾಳಾದ ಹಿಕ್ಕೆಯಾದಾಗ ನೀರು ನಿಲ್ಲಿಸಿ. ಐದಾರು ದಿನದಲ್ಲಿ ಹುಳು ತೇವ ಹುಡುಕಿ ಕೆಳಗಿಳಿಯುತ್ತದೆ. ಮೇಲಿನದನ್ನು ಪದರಪದರವಾಗಿ ಕೆರೆದು, ಬೆಳಕಿನಲ್ಲಿ ಹಾಳೆಯ ಮೇಲೆ ಗೋಪುರದ ಹಾಗೆ ಒಟ್ಟಿದರೆ ಉಳಿದ ಹುಳುವೂ ತಳಕ್ಕೆ ಸೇರುತ್ತದೆ. ಸಲಿಕೆ, ಗುದ್ದಲಿ ಬೇಡ, ಕೈಯೇ ಸಾಕು. ನೆರಳಲ್ಲಿ ಒಣಗಿಸಿ 4 ಮಿಲಿಮೀಟರ್ ಜರಡಿ ಹಿಡಿದು, ಗಾಳಿಯಾಡುವ ನೇಯ್ಗೆ ಚೀಲಕ್ಕೆ ತುಂಬಿ. ಜರಡಿಯ ಮೇಲುಳಿದ ನಾರು, ಕಡ್ಡಿ ಹೊಸ ರಾಶಿಗೆ ಹೆಪ್ಪು. ಜರಡಿಯಿಂದ ಇಳಿದದ್ದರಲ್ಲಿ ಮಾತ್ರ ಕಣ್ಣಿಗೆ ಬೀಳದ ಒಂದು ಸಂಪತ್ತು ಹೋಗಿಬಿಡುತ್ತದೆ: ಸಾಸಿವೆಗಿಂತ ತುಸು ದೊಡ್ಡದಾದ, ನಿಂಬೆ ಆಕಾರದ, ಹಳದಿ ಕಂದು ಮೊಟ್ಟೆಕೋಶಗಳು. ಒಂದೊಂದರಲ್ಲೂ ಎರಡು ಮೂರು ಮರಿ. ಆದ್ದರಿಂದ ಒಣಗಿಸುವ ಮೊದಲು ಗೊಬ್ಬರವನ್ನು ಮೂರು ವಾರ ತೇವವಾಗಿಯೇ ನೆರಳಲ್ಲಿ ಇಟ್ಟು, ಮೇಲೆ ಅಲ್ಲಲ್ಲಿ ಹಳೆಯ ಸಗಣಿಯ ಉಂಡೆ ಇಡಿ. ಮೂರನೇ ವಾರದ ಕೊನೆಗೆ ಉಂಡೆಯನ್ನು ಎತ್ತಿ ಮುರಿದರೆ ಒಳಗೆ ದಾರದೆಳೆಯಷ್ಟು ತೆಳ್ಳಗಿನ, ಬೆಳ್ಳಗಿನ ಮರಿಗಳು ಹೆಣೆದುಕೊಂಡಿರುತ್ತವೆ. ಉಂಡೆ ಸಮೇತ ಮುಂದಿನ ತೊಟ್ಟಿಗೆ ಹಾಕಿ.